ಆ ಕತೆಯ ಅಮ್ಮನಿಗೆ ಒಬ್ಬಳೂ ಗೆಳತಿ ಇರಲಿಲ್ವಾ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಬಂದ ಕತೆ ಓದಿದೆ. ಒಬ್ಬಳೇ ಮಗುವನ್ನು ಸಾಕುವ ತಾಯಿಯ ಕತೆ. ಚೆನ್ನಾಗಿ ಬರೆದಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದಿ ಮುಗಿಸಿದ ಮೇಲೆ ನಮ್ಮಲ್ಲಿ ಒಂದು ಪ್ರಶ್ನೆ ಎದ್ದಿತು.

ನಮ್ಮಲ್ಲಿ ಅಂದರೆ ನಾನು, ನನ್ನ ಒಂಬತ್ತು ವರ್ಷದ ಮಗಳು, ಪಕ್ಕದ ಮನೆಯ ಅಕ್ಕ, ಅವರ ಮಗ. ಅಕ್ಕ ಒಡಹುಟ್ಟಿದವರಲ್ಲ. ಏಳು ವರ್ಷದ ಹಿಂದೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಮೈಸೂರಿನ ಈ ವಠಾರಕ್ಕೆ ಬಂದ ದಿನ ನಲ್ಲಿಯಲ್ಲಿ ನೀರು ಬರದೆ ನಿಂತಿದ್ದಾಗ ಒಂದು ಬಿಂದಿಗೆ ನೀರು ತಂದುಕೊಟ್ಟವರು. ಅವರ ಯಜಮಾನರು ತೀರಿಕೊಂಡಿದ್ದಾರೆ, ನನ್ನದು ಡಿವೋರ್ಸ್. ಭಾನುವಾರ ಬೆಳಿಗ್ಗೆ ನಾನು ಪೇಪರಿನ ಕತೆಯನ್ನು ಜೋರಾಗಿ ಓದುತ್ತೇನೆ, ಅವರು ಕೇಳುತ್ತಾರೆ. ಈಗ ಅವರೆಕಾಯಿ ಕಾಲ. ನೆನೆಸಿದ ಕಾಳು ಹಿಸುಕುತ್ತಾ ಪೂರ್ತಿ ಕೇಳಿ, ಕೈ ನಿಲ್ಲಿಸಿ, ಅಕ್ಕ ಅಂದರು: "ಅಲ್ಲ ಕಣೇ, ಆ ಹುಡುಗಿಗೆ ಇಡೀ ಊರಲ್ಲಿ ಒಬ್ಬಳೂ ಗೆಳತಿ ಇರಲಿಲ್ವಾ?"

ಯೋಚಿಸಿದೆ. ಇರಲಿಲ್ಲ. ಅದರ ಹಿಂದಿನ ಕತೆಯಲ್ಲೂ ಇರಲಿಲ್ಲ. ನಾನು ಓದಿರುವ ಇಂಥ ಕತೆಗಳಲ್ಲಿ ತಾಯಿ ಮುಸ್ಸಂಜೆ ಹೊತ್ತು ಕಿಟಕಿ ಹತ್ತಿರ ನಿಂತು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾಳೆ. ಕೊನೆಗೆ ಆಫೀಸಿನ ಒಳ್ಳೆಯ ಮನುಷ್ಯನೊಬ್ಬ ಕೈ ಹಿಡಿಯುತ್ತಾನೆ, ಇಲ್ಲವೇ ಮಗ ದೊಡ್ಡ ಅಧಿಕಾರಿಯಾಗಿ ಬಂದು ಕಾಲಿಗೆ ಬೀಳುತ್ತಾನೆ. ನಡುವಿನ ಅಷ್ಟು ವರ್ಷ ಅವಳು ನಗುವುದೇ ಇಲ್ಲ.

ಕಷ್ಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ಜೂನ್ ತಿಂಗಳ ಫೀಸು, ಮಗುವಿಗೆ ಜ್ವರ ಬಂದ ರಾತ್ರಿ, ಮದುವೆ ಮನೆಯಲ್ಲಿ ನೆಂಟರು ಕೇಳುವ ಪ್ರಶ್ನೆಗಳು, ಎಲ್ಲಾ ಇದೆ. ಆದರೆ ನಾವು ನಗುತ್ತೇವೆ ಸರ್, ತುಂಬಾ ನಗುತ್ತೇವೆ.

ಕಳೆದ ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಶಾಲೆಯಲ್ಲಿ ಛದ್ಮವೇಷ ಇತ್ತು. ಹಿಂದಿನ ರಾತ್ರಿ ಒಂಬತ್ತೂವರೆಗೆ, ಹಾಸಿಗೆ ಹಾಸಿದ ಮೇಲೆ, ಮಗಳು "ಅಮ್ಮಾ, ನಾಳೆ ನಾನು ಓಬವ್ವ" ಅಂದಳು. ನಾನು ಗೋಡೆ ತಟ್ಟಿದೆ. ನಮ್ಮ ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ, ಎರಡು ಸಲ ತಟ್ಟಿದರೆ ತುರ್ತು ಅಂತ ಅರ್ಥ. ಅಕ್ಕ ತಮ್ಮ ಹತ್ತಿ ಸೀರೆ ತಂದು ಕಚ್ಚೆ ಹಾಕಿ ನೋಡಿದರು, ಸರಿಹೋಯಿತು. ಒನಕೆ? ಈ ಕಾಲದಲ್ಲಿ ಯಾರ ಮನೆಯಲ್ಲಿದೆ ಒನಕೆ? ಪ್ಲಂಬರ್ ಬಿಟ್ಟುಹೋಗಿದ್ದ ಪೈಪಿನ ತುಂಡು ಮಾಳಿಗೆ ಮೇಲೆ ಬಿದ್ದಿತ್ತು. ನೋಟ್‌ಬುಕ್ಕಿಗೆ ಬೈಂಡ್ ಹಾಕಿ ಉಳಿದಿದ್ದ ಖಾಕಿ ಕಾಗದವನ್ನು ಅದಕ್ಕೆ ಸುತ್ತಿದೆವು. ಅಕ್ಕನ ಮಗ ಟೇಪ್ ಹಿಡಿದ. ಹನ್ನೊಂದು ಗಂಟೆಗೆ ಮಗಳು ಅದನ್ನು ಎತ್ತಿ ಹೂಂಕರಿಸಿದಾಗ ಅಕ್ಕ ನೆಲದ ಮೇಲೆ ಕೂತು ನಕ್ಕ ನಗುವಿಗೆ ಮೇಲಿನ ಮನೆಯವರು ಲೈಟ್ ಹಾಕಿದರು.

ಅಕ್ಕ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾರೆ, ಅರ್ಧ ದಿನ ರಜೆ ಹಾಕಿ ನಮ್ಮ ಜೊತೆ ಬಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಬಸ್ ಖರ್ಚಿಲ್ಲ. ಕಂಡಕ್ಟರ್ ಮೂರು ಶೂನ್ಯ ಟಿಕೆಟ್ ಕೊಟ್ಟು, ಪೈಪ್ ನೋಡಿ, "ಇದಕ್ಕೆ ಲಗೇಜ್ ಹಾಕ್ಲಾ?" ಅಂದರು. ಮಗಳು ಎದ್ದು ನಿಂತು "ಇದು ಒನಕೆ!" ಅಂದಳು. ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ಓಬವ್ವನಿಗೆ ಕೈ ಮುಗಿದು ಮುಂದೆ ಹೋದರು. ಬಹುಮಾನ ಬರಲಿಲ್ಲ. ಆದರೆ ಆ ಪೈಪ್ ಇವತ್ತಿಗೂ ನಮ್ಮ ಬಾಗಿಲ ಹಿಂದೆ ಇದೆ.

ಅದೇ ಶಾಲೆಯಲ್ಲಿ ಮಗುವನ್ನು ಕರೆದುಕೊಂಡು ಹೋಗುವವರಿಗೆ ಫೋಟೋ ಇರುವ ಕಾರ್ಡ್ ಮಾಡಿಸಬೇಕು. ಅದರಲ್ಲಿ ಎರಡೇ ಚೌಕ, ತಾಯಿ ಮತ್ತು ತಂದೆ. ತಂದೆಯ ಚೌಕದಲ್ಲಿ ಅಕ್ಕನ ಫೋಟೋ ಅಂಟಿಸಿಕೊಟ್ಟೆ. ಟೀಚರ್ ಏನೂ ಕೇಳದೆ "ತಂದೆ" ಅನ್ನುವುದನ್ನು ಹೊಡೆದುಹಾಕಿ, ಕೆಂಪು ಪೆನ್ನಿನಲ್ಲಿ "ದೊಡ್ಡಮ್ಮ" ಅಂತ ಬರೆದರು. ಮಗಳು ಅಕ್ಕನನ್ನು ಕರೆಯುವುದು ಹಾಗೇ. ಇಷ್ಟೇ ಸಾಕು ಅಲ್ವಾ ಒಂದು ಕತೆಗೆ?

ಸರ್ಕಾರದ ಅರ್ಜಿಗಳೇ ಬದಲಾಗಿವೆ. ಮದುವೆಯಾಗದ ತಾಯಿ ತನ್ನ ಮಗುವಿಗೆ ಗಾರ್ಡಿಯನ್ ಆಗಲು ತಂದೆಯ ಹೆಸರು ಹೇಳಲೇಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿತು. 2016ರ ಡಿಸೆಂಬರ್‌ನಲ್ಲಿ ಪಾಸ್‌ಪೋರ್ಟ್ ನಿಯಮ ಬದಲಾಗಿ, ಅಪ್ಪ ಅಥವಾ ಅಮ್ಮ ಒಬ್ಬರ ಹೆಸರಿದ್ದರೆ ಸಾಕು ಅಂತಾಯಿತು. 2018ರ ಡಿಸೆಂಬರ್‌ನಿಂದ ಪ್ಯಾನ್ ಕಾರ್ಡಿಗೂ, ತಾಯಿಯೊಬ್ಬಳೇ ಇರುವ ಮಕ್ಕಳಿಗೆ ತಂದೆಯ ಹೆಸರು ಕಡ್ಡಾಯವಲ್ಲ. ಅರ್ಜಿ ಬದಲಾಯಿತು, ಕತೆಯ ಆ ಕಿಟಕಿ ಮಾತ್ರ ಹಾಗೇ ಇದೆ.

ನಗಿಸುವ ಬರಹ ಹೆಂಗಸರಿಗೆ ಹೊಸದೇನಲ್ಲ. ರಾಶಿಯವರು (ಡಾ. ಎಂ. ಶಿವರಾಂ) 1942ರಲ್ಲಿ ಶುರು ಮಾಡಿದ ಹಾಸ್ಯ ಪತ್ರಿಕೆ 'ಕೊರವಂಜಿ'ಯಲ್ಲಿ ಟಿ. ಸುನಂದಮ್ಮನವರು ಬರೆಯುತ್ತಿದ್ದರು. ಮನೆಯೊಳಗಿನ ದಿನನಿತ್ಯದ ವಿಷಯ ಇಟ್ಟುಕೊಂಡೇ ಕನ್ನಡಿಗರನ್ನು ನಗಿಸಿದರು. ಅವರು ಇವತ್ತು ನಮ್ಮ ವಠಾರದಲ್ಲಿದ್ದಿದ್ದರೆ ವಾರಕ್ಕೊಂದು ಬರಹಕ್ಕೆ ಸರಕು ಸಿಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಹಾಗಾಗಿ ನನ್ನದೊಂದು ಕೋರಿಕೆ. ಈ ಸಲದ ಯುಗಾದಿ ವಿಶೇಷಾಂಕಕ್ಕೆ ಒಂದೆರಡಾದರೂ ತಿಳಿಹಾಸ್ಯದ ಕತೆ ಕೇಳಿ ಬರೆಸಿ. ತಾಯಿ ಒಬ್ಬಳೇ ಇರಲಿ, ಪಕ್ಕದಲ್ಲಿ ಗೆಳತಿ ಇರಲಿ. ಇಬ್ಬರೂ ಜಗಳ ಆಡಲಿ, ಚೀಟಿ ದುಡ್ಡಿನ ಲೆಕ್ಕಕ್ಕೆ ಎರಡು ದಿನ ಮಾತು ಬಿಡಲಿ (ನಾವೂ ಬಿಟ್ಟಿದ್ದೇವೆ), ಮೂರನೇ ದಿನ ಸಾರಿನ ಪಾತ್ರೆ ಹಿಡಿದು ಬಾಗಿಲಿಗೆ ಬರಲಿ. ಯಾರೂ ಬಂದು ಅವಳನ್ನು ಉದ್ಧಾರ ಮಾಡುವುದು ಬೇಡ. ಹೊಸ ಹುಡುಗಿಯರು ಎಷ್ಟು ಚೆನ್ನಾಗಿ ಬರೆಯುತ್ತಿದ್ದಾರೆ, ಅವರನ್ನು ಕೇಳಿ ನೋಡಿ.

ಸುಮ್ನೆ ಹೇಳುತ್ತಿಲ್ಲ, ನಮಗೆ ಅಂಥ ಕತೆ ಬೇಕು. ಇನ್ನೊಂದು ಸಲ ಯಾರಾದರೂ ಕಿಟಕಿ ಹತ್ತಿರ ನಿಂತರೆ ಅವರೆಕಾಳು ನೀನೇ ಹಿಸುಕಿಕೋ ಅಂತ ಅಕ್ಕ ಆಗಲೇ ಹೇಳಿದ್ದಾರೆ.

ಇಂತಿ,
ನಿಮ್ಮ ಓದುಗಿ, ಮೈಸೂರು