ಮ್ಯಾನರ್‌ನ ಹಸುಗಳ ಚಳಿಗಾಲದ ಮೇವಿಗೆ ನಿಮ್ಮ ಕೈಲಾದಷ್ಟು ಕೊಡಿ

ಎಲ್ಲರಿಗೂ ನಮಸ್ಕಾರ,

ಲಂಡನ್ ಸುತ್ತಮುತ್ತ ಇರುವ ನಮ್ಮವರಲ್ಲಿ ವಾಟ್‌ಫೋರ್ಡ್ ಹತ್ತಿರದ ಇಸ್ಕಾನ್ ಕೃಷ್ಣ ದೇವಸ್ಥಾನ ಭಕ್ತಿವೇದಾಂತ ಮ್ಯಾನರ್‌ಗೆ ಹೋಗದವರು ಕಡಿಮೆ. ಜನ್ಮಾಷ್ಟಮಿ ಜಾತ್ರೆ, ಪ್ರಸಾದ, ಹುಲ್ಲಿನ ಮೇಲೆ ಮಕ್ಕಳ ಓಟ, ಎಲ್ಲಾ ಗೊತ್ತಿರುವುದೇ. ಆದರೆ ಇಂಗ್ಲಿಷ್ ಸಾಹುಕಾರರ ಬಂಗಲೆಯಲ್ಲಿ ಕೃಷ್ಣ ಹೇಗೆ ಬಂದು ಕೂತ ಅನ್ನುವುದು ಹೊಸದಾಗಿ ಬಂದವರಿಗೆ ಅಷ್ಟಾಗಿ ಗೊತ್ತಿಲ್ಲ.

ಅದರ ಹಳೆಯ ಹೆಸರು ಪಿಗಟ್ಸ್ ಮ್ಯಾನರ್. ಈಗಿರುವ ಕಟ್ಟಡ 1884ರದು. ಬಿಳಿ ಗೋಡೆ, ಕಪ್ಪು ಮರದ ಪಟ್ಟಿ ನೋಡಿ ತುಂಬಾ ಹಳೆಯದು ಅಂದುಕೊಳ್ಳುತ್ತೇವೆ, ಆದರೆ ಅದು ವಿಕ್ಟೋರಿಯಾ ಕಾಲದವರು ಹಳೆಯ ಟ್ಯೂಡರ್ ರಾಜರ ಕಾಲದ ಶೈಲಿಯ ಆಸೆಗೆ ಕಟ್ಟಿಸಿದ್ದು. ಮುಂದೆ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ನರ್ಸುಗಳಿಗೆ ಇಲ್ಲಿ ತರಬೇತಿ ನಡೆಯುತ್ತಿತ್ತು. 1973ರಲ್ಲಿ ಬೀಟಲ್ಸ್ ಸಂಗೀತ ತಂಡದ ಜಾರ್ಜ್ ಹ್ಯಾರಿಸನ್ ಇದನ್ನು ಕೊಂಡು ಇಸ್ಕಾನ್‌ಗೆ ಕೊಟ್ಟುಬಿಟ್ಟರು. ಅದೇ ವರ್ಷ ರಾಧಾ ಗೋಕುಲಾನಂದರ ಪ್ರತಿಷ್ಠೆಯೂ ಆಯಿತು.

ಉಳಿಸಿಕೊಳ್ಳುವುದು ಮಾತ್ರ ಸುಲಭವಿರಲಿಲ್ಲ. ಪಕ್ಕದ ಲೆಚ್‌ಮೋರ್ ಹೀತ್ ಪುಟ್ಟ ಹಳ್ಳಿ, ಕಿರಿದಾದ ರಸ್ತೆ, ಹಬ್ಬ ಬಂದರೆ ಕಾರುಗಳ ಸಾಲು. ಹಳ್ಳಿಯವರ ಕಷ್ಟವೂ ನಿಜವೇ ಅಲ್ವಾ? ಸಾರ್ವಜನಿಕ ಪೂಜೆ ನಿಲ್ಲಿಸಿ ಎಂದು ಸ್ಥಳೀಯ ಕೌನ್ಸಿಲ್ ಹಿಡಿದ ಹಟ ವರ್ಷಗಟ್ಟಲೆ ಎಳೆಯಿತು, ಕೋರ್ಟು ಮೆಟ್ಟಿಲು ಹತ್ತಿದ್ದಾಯಿತು, 1994ರಲ್ಲಿ ಸಾವಿರಾರು ಜನ ಲಂಡನ್ ಬೀದಿಗೂ ಇಳಿದರು. ಕೊನೆಗೆ 1996ರಲ್ಲಿ, ಹಳ್ಳಿಯನ್ನು ಬಿಟ್ಟು ಹೊಲದ ಕಡೆಯಿಂದ ಬೇರೆ ದಾರಿ ಮಾಡಿಕೊಳ್ಳಲು ಸರ್ಕಾರ ಒಪ್ಪಿತು. ಈಗ ನಾವು ಆರಾಮಾಗಿ ಕಾರಿನಲ್ಲಿ ಹೋಗುವ ದಾರಿ ಅದೇ.

ವಿಷಯಕ್ಕೆ ಬರುತ್ತೇವೆ. ಈಗ ಜಮೀನು 70 ಎಕರೆ ದಾಟಿದೆ, ಅದರಲ್ಲಿ ಗೋಶಾಲೆಯೂ ಇದೆ. ಅಲ್ಲಿ ಹಾಲನ್ನು ಕೈಯಲ್ಲೇ ಕರೆಯುತ್ತಾರೆ, ಹೋರಿಗಳನ್ನು ಮಾರುವುದಿಲ್ಲ, ನೊಗಕ್ಕೆ ಪಳಗಿಸುತ್ತಾರೆ. ಹಾಲು ನಿಂತ ಹಸುವನ್ನೂ ಸಾಯುವವರೆಗೆ ಸಾಕುತ್ತಾರೆ. ಇಲ್ಲಿನ ಚಳಿಯಲ್ಲಿ ಹುಲ್ಲು ಬೆಳೆಯುವುದಿಲ್ಲ, ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲೇ ಒಣಹುಲ್ಲು ಹಾಕಬೇಕು. ಅನ್ನದಾನಕ್ಕೆ ಕೊಡುವವರು ತುಂಬಾ ಜನ, ಮೇವಿಗೆ ಕಡಿಮೆ. ಅದಕ್ಕೇ ನಾವು ಕೆಲವು ಕನ್ನಡ ಮನೆಯವರು ಈ ಸಲ ಮೇವಿಗೆ ಅಂತಲೇ ಕೇಳುತ್ತಿದ್ದೇವೆ.

ದುಡ್ಡು ನಮ್ಮ ಕೈಗೆ ಬೇಡ. ಮುಂದಿನ ಸಲ ಹೋದಾಗ ದೇವಸ್ಥಾನದ ಕಚೇರಿಯಲ್ಲೇ ಕಟ್ಟಿ, ಗೋಸೇವೆಗೆ ಎಂದು ಹೇಳಿ, ರಸೀದಿ ತಗೊಳ್ಳಿ. 5 ಪೌಂಡ್ ಆದರೂ ಸರಿ. ಇಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಫಾರಂ ತುಂಬುವುದನ್ನು ಮರೆಯಬೇಡಿ, ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ, ನಿಮಗೆ ಜಾಸ್ತಿ ಖರ್ಚಿಲ್ಲ. ಊರಿನಲ್ಲಿರುವವರು ಅಲ್ಲಿಂದ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ, ನಿಮ್ಮ ಹತ್ತಿರದ ಗೋಶಾಲೆಗೇ ಕೊಡಿ.