ಡಿಸ್ಚಾರ್ಜ್ ಚೀಟಿಯಲ್ಲಿ ವಾಂತಿ ಮಾತ್ರೆಯೂ ಇರಲಿ

ಮಾನ್ಯರೇ,

ಹರ್ನಿಯಾ, ಲ್ಯಾಪ್ರೊಸ್ಕೋಪಿಯಂಥ ಆಪರೇಷನ್ ಬೆಳಿಗ್ಗೆ ಮುಗಿಸಿ ಸಂಜೆಗೆ ಮನೆಗೆ ಕಳಿಸುವುದು ಈಗ ಮಾಮೂಲು. ವಾರ್ಡಿನಲ್ಲಿ ಆರಾಮಾಗಿದ್ದವರು ಘಾಟಿಯ ಎರಡನೇ ತಿರುವಿಗೇ ಕವರ್ ಹುಡುಕುತ್ತಾರೆ. ದೂರು ಹೋಗುವುದು ಮಾತ್ರ ಕುಡಿಸಿದ ಗಂಜಿಯ ಮೇಲೆ, ಇಲ್ಲವೇ 'ಗ್ಯಾಸ್ಟ್ರಿಕ್' ಮೇಲೆ.

ಕಾರಣ ಬೇರೆ. ಆಪರೇಷನ್ನಿನ ಕೊನೆಗೆ ಕೊಡುವ, ವಾಂತಿ ತಡೆಯುವ 4 ಮಿ.ಗ್ರಾಂ. ಒಂಡಾನ್ಸೆಟ್ರಾನ್ ಇಂಜೆಕ್ಷನ್ ಮೂರು-ನಾಲ್ಕು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ರೋಗಿ ವಾಹನ ಹತ್ತುವುದೂ ಹೆಚ್ಚುಕಡಿಮೆ ಆಗಲೇ. ಸಾಲದ್ದಕ್ಕೆ ನೋವಿಗೆಂದು ಬರೆದ ಟ್ರಮಡಾಲ್. ವಾಂತಿ ತರಿಸುವುದರಲ್ಲಿ ಅದು ಎತ್ತಿದ ಕೈ.

ಯಾರಿಗೆ ವಾಂತಿಯಾದೀತೆಂದು ಮೊದಲೇ ಅಂದಾಜಿಸಬಹುದು. ಅರಿವಳಿಕೆ ವೈದ್ಯ ಅಪ್ಫೆಲ್ ಮತ್ತು ಜೊತೆಗಾರರು 1999ರಲ್ಲಿ ನಾಲ್ಕು ಅಂಶ ಗುರುತಿಸಿ, ಒಂದೊಂದಕ್ಕೆ ಒಂದು ಅಂಕವಿಟ್ಟರು: ಹೆಣ್ಣಾಗಿರುವುದು, ಧೂಮಪಾನ ಮಾಡದಿರುವುದು, ಹಿಂದಿನ ಆಪರೇಷನ್ನಿನಲ್ಲೋ ಬಸ್ಸಿನಲ್ಲೋ ವಾಂತಿಯಾಗಿರುವುದು, ಆಪರೇಷನ್ ನಂತರ ಟ್ರಮಡಾಲ್‌ನಂಥ ಅಫೀಮಿನ ವರ್ಗದ ನೋವಿನ ಮದ್ದು. ಒಂದೂ ಇಲ್ಲದವರಲ್ಲಿ ನೂರಕ್ಕೆ 10 ಮಂದಿಗೆ ತೊಂದರೆ, ನಾಲ್ಕೂ ಇದ್ದರೆ ಸುಮಾರು 80 ಮಂದಿಗೆ. (ಬೀಡಿ ಸೇದುವವರಿಗೆ ಇದೊಂದೇ ಲಾಭ!) ನಮ್ಮ ಹೆಂಗಸರಲ್ಲಿ ಹೆಚ್ಚಿನವರಿಗೆ ಎರಡು ಅಂಕ ಬಾಗಿಲಲ್ಲೇ ಸಿಕ್ಕಿಬಿಡುತ್ತದೆ, ಟ್ರಮಡಾಲ್ ಸೇರಿದರೆ ಮೂರು.

ಇಂಥವರಿಗೆ ಒಂದೇ ಇಂಜೆಕ್ಷನ್ ಸಾಲದು. ಅರಿವಳಿಕೆ ಹತ್ತಿದ ಕೂಡಲೇ ವಾಂತಿ ತಡೆಯುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ 4ರಿಂದ 8 ಮಿ.ಗ್ರಾಂ., ಕೊನೆಗೆ ಒಂಡಾನ್ಸೆಟ್ರಾನ್. ಡೆಕ್ಸಾಮೆಥಾಸೋನನ್ನು ಎಚ್ಚರವಿದ್ದಾಗಲೇ ರಭಸದಿಂದ ಕೊಟ್ಟರೆ ಗುದದ ಸುತ್ತ ತಡೆಯಲಾಗದ ಉರಿ ಹತ್ತುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಅದರಿಂದ ಶುಗರ್ ಏರುತ್ತದೆ. ಅಪಾಯ ಹೆಚ್ಚಿದ್ದರೆ ಅರಿವಳಿಕೆಯ ಗ್ಯಾಸಿನ ಬದಲು ಪ್ರೊಪೊಫಾಲ್ ಎಂಬ ಅರಿವಳಿಕೆ ಮದ್ದನ್ನೇ ಪಂಪಿನಿಂದ ರಕ್ತನಾಳಕ್ಕೆ ಹರಿಸಬಹುದು. ಪ್ಯಾಂಟೊಪ್ರಜೋಲ್ ಆಮ್ಲಕ್ಕೆ ಮದ್ದೇ ಹೊರತು ಈ ವಾಂತಿಗಲ್ಲ.

ಹಿಂದಿನ ರಾತ್ರಿಯಿಂದ ಮಧ್ಯಾಹ್ನದವರೆಗೆ ಹನಿ ನೀರೂ ಇಲ್ಲದೆ ಕೂರಿಸುವುದು ಬೇಡ. ಬೇರೆ ತೊಡಕಿಲ್ಲದವರು ಆಪರೇಷನ್ನಿಗೆ ಎರಡು ಗಂಟೆ ಮುಂಚಿನವರೆಗೂ ನೀರು ಕುಡಿಯಬಹುದು. ಹಾಲು ಬೆರೆತ ಕಾಫಿ ಮಾತ್ರ ಆಗದು. ಡಿಸ್ಚಾರ್ಜಿಗೆ ಮುನ್ನ 'ಏನಾದರೂ ಕುಡಿದು ತೋರಿಸಿ' ಎಂದು ಒತ್ತಾಯಿಸುವುದೂ ಬೇಡ.

ಚೀಟಿಯಲ್ಲಿ ನಾಲಿಗೆಯ ಮೇಲೆ ಕರಗುವ ಒಂಡಾನ್ಸೆಟ್ರಾನ್ ಮಾತ್ರೆ ಇರಲಿ. ನೀರು ಬೇಕಿಲ್ಲದ್ದರಿಂದ ಓಕರಿಕೆ ನಡುವೆಯೂ ಬಾಯಲ್ಲಿಡಬಹುದು. ಮಲಬದ್ಧತೆ ಆಗಬಹುದು; ಹೃದಯ ಬಡಿತದ ತೊಂದರೆ ಇರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ನೋವಿಗೆ ಹೊತ್ತುಹೊತ್ತಿಗೆ ಪ್ಯಾರಾಸಿಟಮಾಲ್, ತಡೆಯದಿದ್ದರಷ್ಟೇ ಟ್ರಮಡಾಲ್. ಕಾರಿನಲ್ಲಿ ಮುಂದಿನ ಸೀಟು. ಕುಡಿದ ನೀರೂ ನಿಲ್ಲದಿದ್ದರೆ, ಹೊಟ್ಟೆ ಉಬ್ಬಿ ನೋವು ಏರುತ್ತಿದ್ದರೆ ಮಾತ್ರೆ ನುಂಗುತ್ತಾ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ವಾಪಸ್ ಬರಬೇಕು.

— ಅರಿವಳಿಕೆ ವೈದ್ಯರು, ಹಾಸನ