ಹಳೇ ಮೆಟಾಡೋರ್ ಕೊಳ್ಳುವವರು ಮೊದಲು ತಳ ನೋಡಿ

ಮಾನ್ಯ ಸಂಪಾದಕರೇ,

ಹಳೇ ವ್ಯಾನ್‌ ಒಳಗೆ ಮಂಚ, ಒಲೆ ಜೋಡಿಸಿಕೊಂಡು ಊರೂರು ಸುತ್ತುವ ಆಸೆ ಈಗ ನಮ್ಮ ಕಡೆಯೂ ಜಾಸ್ತಿ ಆಗಿದೆ. ನನ್ನ ಹಳೇ ವಿದ್ಯಾರ್ಥಿಗಳಲ್ಲೇ ಮೂವರು ಇದನ್ನು ಕೇಳಿಕೊಂಡು ಮನೆಗೆ ಬಂದಿದ್ದರು. ಸೋಲಾರ್ ಎಷ್ಟು ವ್ಯಾಟ್ ಬೇಕು, ಫ್ರಿಜ್ ಯಾವುದು ತಗೊಳ್ಳೋಣ ಅಂತಲೇ ಮೂವರ ಪ್ರಶ್ನೆ. ತುಕ್ಕು, ಬ್ರೇಕು, ಕಾಗದಪತ್ರದ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಅದಕ್ಕೇ ಈ ಪತ್ರ.

ನಾನು ಚಿತ್ರದುರ್ಗದವನು, ನಿವೃತ್ತ ಮೇಷ್ಟ್ರು. ನಾಲ್ಕು ವರ್ಷದ ಹಿಂದೆ 1988ರ ಮೆಟಾಡೋರ್ ಕೊಂಡೆ. ಅದಕ್ಕೆ ಮೊದಲು ದಾವಣಗೆರೆಯಲ್ಲಿ ಇನ್ನೊಂದು ನೋಡಿದ್ದೆ. ಹೊಸ ಬಣ್ಣ, ಕಿಟಕಿಗೆ ಹೂವಿನ ಪರದೆ, ಒಳಗೆ ಚಂದದ ಮಂಚ. ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕಿದ್ದೆ. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಹುಡುಗ ಒಂದು ಆಯಸ್ಕಾಂತವನ್ನು ಕರ್ಚೀಫಿನಲ್ಲಿ ಸುತ್ತಿ ಬಾಗಿಲ ಕೆಳಗಿನ ಪಟ್ಟಿ ಉದ್ದಕ್ಕೂ ಸವರುತ್ತಾ ಬಂದ. ಮೆಟ್ಟಿಲ ಹತ್ತಿರ ಬಂದಾಗ ಆಯಸ್ಕಾಂತ ಹಿಡಿಯಲಿಲ್ಲ, ನೆಲಕ್ಕೆ ಬಿತ್ತು. "ಮೇಷ್ಟ್ರೇ, ಇಲ್ಲಿ ತಗಡೇ ಇಲ್ಲ, ಬರೀ ಪುಟ್ಟಿ" ಅಂದ. ಕೆಳಗೆ ಮಲಗಿ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದ ಹಾಗೆ ಒಳಗೆ ಹೋಯಿತು. ಎಂಜಿನ್ ಕೆಟ್ಟರೆ ಬಿಚ್ಚಿ ಮಾಡಿಸಬಹುದು, ನಮ್ಮಲ್ಲಿ ಡೀಸೆಲ್ ಎಂಜಿನ್ ಬಲ್ಲವರಿಗೆ ಬರವಿಲ್ಲ. ತಳ ಹೋದ ಗಾಡಿಗೆ ಎಷ್ಟು ದುಡ್ಡು ಸುರಿದರೂ ಸಾಲದು.

ಆಮೇಲೆ ಟೈರು. ಗೆರೆ ಚೆನ್ನಾಗಿದೆ ಅಂತ ನಂಬಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2314 ಅಂತಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಸುಮ್ನೆ ನಿಂತ ಗಾಡಿಯ ಟೈರು ಸವೆಯದೆಯೇ ಒಳಗೊಳಗೆ ಬಿರುಕು ಬಿಟ್ಟಿರುತ್ತದೆ. ಬ್ರೇಕಿನ ರಬ್ಬರ್ ಪೈಪುಗಳೂ ಅಷ್ಟೇ, ಗಾಡಿ ಮನೆಗೆ ತಂದ ವಾರದಲ್ಲೇ ಬದಲಾಯಿಸಿ. ನಾನು ಮೊದಲ ವರ್ಷ ಬ್ರೇಕು, ಟೈರು, ವೈರಿಂಗ್‌ಗೆ ಮಾತ್ರ ಖರ್ಚು ಮಾಡಿದೆ. ಚಾಪೆ ಹಾಸಿಕೊಂಡೇ ಮಲಗಿದ್ದು.

ಭಾರದ ಲೆಕ್ಕ ನನಗೆ ಗೊತ್ತಾಗಿದ್ದು ಸೂಳೆಕೆರೆಯಲ್ಲಿ. 100 ಲೀಟರ್ ನೀರಿನ ಟ್ಯಾಂಕನ್ನು ಗಾಡಿಯ ಹಿಂದಿನ ತುದಿಗೆ ಕೂರಿಸಿದ್ದೆ, ಅಂದರೆ 100 ಕೆಜಿ. ನನ್ನ ಗಾಡಿ ಎಳೆಯುವುದು ಮುಂದಿನ ಗಾಲಿಯಲ್ಲಿ. ಹಿಂದೆ ಭಾರ ಕೂತಷ್ಟೂ ಮುಂದಿನ ಗಾಲಿಗೆ ಹಿಡಿತ ಕಮ್ಮಿ. ಮಳೆ ಬಿದ್ದ ಕೆಂಪು ಮಣ್ಣಿನ ಏರಿನಲ್ಲಿ ಗಾಲಿ ಸುಮ್ನೆ ತಿರುಗಿತು, ಗಾಡಿ ನಿಧಾನ ಹಿಂದಕ್ಕೆ ಜಾರಿತು, ಒಳಗೆ ನನ್ನ ಹೆಂಡತಿ ಮತ್ತು ಮೊಮ್ಮಗಳು ಇದ್ದರು. ಅವರನ್ನು ಇಳಿಸಿ, ನೀರೆಲ್ಲಾ ಚೆಲ್ಲಿದ ಮೇಲೆ ಗಾಡಿ ಮೇಲೆ ಹತ್ತಿತು. ಈಗ ಟ್ಯಾಂಕು ಡ್ರೈವರ್ ಸೀಟಿನ ಹಿಂದೆಯೇ, ನೆಲದ ಮಟ್ಟದಲ್ಲಿದೆ.

ಒಳಗಿನ ಲೈಟು, ಫ್ಯಾನಿಗೆ ಬೇರೆ ಬ್ಯಾಟರಿ ಇರಲಿ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 1,200 ವ್ಯಾಟ್-ಅವರ್ ಕರೆಂಟು ಹಿಡಿಯುತ್ತದೆ, ಫ್ಯಾನು, ದೀಪ, ಮೊಬೈಲಿಗೆ ಒಂದು ರಾತ್ರಿ ಧಾರಾಳ. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ ಫ್ಯೂಸ್ ಹಾಕಿಸಿ, ಎಲ್ಲೋ ದೂರದಲ್ಲಿ ಅಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಅದಕ್ಕೆ ಸಿಲಿಂಡರ್ ಇಡುವ ಕಡೆ ತಳದಲ್ಲೇ ಗಾಳಿಕಿಂಡಿ ಬೇಕು, ಬರೀ ಮೇಲಿನ ಕಿಟಕಿ ತೆಗೆದರೆ ಆಗುವುದಿಲ್ಲ. ನಾನಂತೂ ಒಲೆ ಹೊರಗೇ ಹಚ್ಚುತ್ತೇನೆ.

ಇನ್ನು ಕಾಗದ. ಮಾರುವವರು 'ವಿಂಟೇಜ್ ಗಾಡಿ ಸಾರ್' ಅಂತ ಬೆಲೆ ಏರಿಸುತ್ತಾರೆ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ್ದು ಮಾತ್ರ ವಿಂಟೇಜ್. ಹಾಗೆ ನೋಂದಾಯಿಸಿದರೆ ದಿನನಿತ್ಯ ಓಡಿಸುವಂತಿಲ್ಲ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಯಿಸುವಂತೆಯೂ ಇಲ್ಲ. ನಮ್ಮ ಮೆಟಾಡೋರ್‌ಗಳು ಬರೀ ಹಳೇ ಗಾಡಿಗಳು. ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿ ಜೊತೆ ಹೋಲಿಸಿ. ಸಾಲ ತೀರಿದೆಯಾ, ಆರ್‌ಸಿ ರಿನ್ಯೂ ಆಗಿದೆಯಾ ನೋಡಿ. 15 ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು, ಅದರ ಫೀ 2022ರ ಏಪ್ರಿಲ್‌ನಿಂದ ಜಾಸ್ತಿ ಆಗಿದೆ. ಬೆಲೆ ಮಾತಾಡುವಾಗ ಇದನ್ನೂ ಸೇರಿಸಿಕೊಳ್ಳಿ.

ನನಗೆ ನಿಜಕ್ಕೂ ನೋವಾಗಿದ್ದು ಇಲ್ಲೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಹೇಳಿದ ವಿವರಕ್ಕಿಂತ ಆರ್‌ಸಿ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಸರಿ, ಒಪ್ಪೋಣ, ಜೀವದ ಪ್ರಶ್ನೆ ಅಲ್ವಾ. ಆದರೆ ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ (ಒಳಗೇ ಮಂಚ, ಒಲೆ ಇರುವ ಗಾಡಿ) ಅನ್ನುವ ವರ್ಗವೂ ಕೇಂದ್ರದ ಪಟ್ಟಿಯಲ್ಲಿ ಇದೆ. ಹಳೇ ಗಾಡಿಯನ್ನು ಆ ವರ್ಗಕ್ಕೆ ತರುವುದು ಹೇಗೆ ಅಂತ ಕೇಳಲು ಮೂರು ಸಲ ಒಂದು ಕಚೇರಿಗೆ ಹೋದೆ. ಒಂದೊಂದು ಕೌಂಟರಿನಲ್ಲಿ ಒಂದೊಂದು ಉತ್ತರ, ಬರಹದಲ್ಲಿ ಕೊಡಿ ಅಂದರೆ ಯಾರೂ ಕೊಡಲಿಲ್ಲ. ಕೊನೆಗೆ ಬಾಡಿ ಕತ್ತರಿಸುವ ಆಸೆಯನ್ನೇ ಬಿಟ್ಟು, ಬಿಚ್ಚಿ ಇಳಿಸಬಹುದಾದ ಮರದ ಪೆಟ್ಟಿಗೆಗಳನ್ನೇ ಮಂಚ ಮಾಡಿಕೊಂಡು, ಬೆಲ್ಟಿನಲ್ಲಿ ಬಿಗಿದು ಓಡಾಡುತ್ತಿದ್ದೇನೆ.

ಸಾರಿಗೆ ಇಲಾಖೆಯವರಲ್ಲಿ ನನ್ನ ಬೇಡಿಕೆ ಚಿಕ್ಕದು. ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ, ಯಾವ ಫಾರಂ, ಎಷ್ಟು ಫೀ, ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕಚೇರಿ ಗೋಡೆಗೆ ಅಂಟಿಸಲಿ. ತಾವೂ ಅಧಿಕಾರಿಗಳನ್ನು ಕೇಳಿ ಪತ್ರಿಕೆಯಲ್ಲಿ ಹಾಕಿದರೆ ದೊಡ್ಡ ಉಪಕಾರ. ಆ ಮೂವರು ಹುಡುಗರಲ್ಲಿ ಒಬ್ಬ ಯುಗಾದಿ ಹೊತ್ತಿಗೆ ಗಾಡಿ ಕೊಳ್ಳುವವನಿದ್ದಾನೆ, ಅಷ್ಟರೊಳಗೆ ಬಂದರೆ ಅವನಿಗೆ ಅನುಕೂಲ.

ಇಂತಿ,
ನಿವೃತ್ತ ಶಿಕ್ಷಕ, ಚಿತ್ರದುರ್ಗ